ಅತ್ತೆಯ ಪಾದಗಳು ಬಾಗಿಲ ಕಡೆಗಿದ್ದವು: 'ಮೈಮಾತು' ಗುರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಅಂಗೈ ತೆರೆದು, ಭುಜಗಳನ್ನು ಸಡಿಲಬಿಟ್ಟು, ತಲೆಯನ್ನು ತುಸುವೇ ಎಡಕ್ಕೆ ವಾಲಿಸಿ, ಹಲ್ಲು ಕಾಣುವಷ್ಟು ಆದರೆ ಒಸಡು ಕಾಣದಷ್ಟು ನಗುತ್ತಾ ತಮಗೆ ನಮಸ್ಕಾರಗಳನ್ನು ಸಲ್ಲಿಸುತ್ತಿದ್ದೇನೆ. ಅಪರಿಚಿತರನ್ನು ಎದುರುಗೊಳ್ಳುವ ಸರಿಯಾದ ಭಂಗಿ ಇದೇ ಎಂದು ತಮ್ಮ 'ಮೈಮಾತು' ವಿಡಿಯೊ ಪಾಠಮಾಲೆಯ ಮೊದಲ ಪಾಠದಲ್ಲಿ ತಾವೇ ತೋರಿಸಿಕೊಟ್ಟಿದ್ದೀರಿ. ವಾಸ್ತವದಲ್ಲಿ ನನ್ನ ಒಂದೇ ಅಂಗೈ ತೆರೆದಿದೆ. ಇನ್ನೊಂದು ಕೈಯ ಮೇಲೆ ಏಳು ತಿಂಗಳ ಮಗಳು ಮಲಗಿದ್ದಾಳೆ, ಅಥವಾ ಮಲಗಿದ್ದಾಳೆಂದು ನಾನು ನಂಬಿಕೊಂಡಿದ್ದೇನೆ. ಆದಕಾರಣ ಈ ಪತ್ರದ ವಾಕ್ಯಗಳು ಅಲ್ಲಲ್ಲಿ ತೂಕಡಿಸಿದರೆ ಅದನ್ನು ಅಗೌರವದ ಸಂಕೇತವೆಂದು ಓದಬಾರದೆಂದು ಮೊದಲೇ ಕೋರುತ್ತೇನೆ. ಅದು ಬರೀ ನಿದ್ದೆ.

ನನ್ನ ಪರಿಚಯ ಹೇಳಿಕೊಳ್ಳುವುದು ಕ್ರಮ. ನಾನು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತುವವಳು. ಕರೆಂಟ್ ಹೋದ ಮನೆಗಳವರು ಮೊದಲು ಸ್ವಿಚ್ಚನ್ನು ಬೈಯುತ್ತಾರೆ, ಆಮೇಲೆ ನನ್ನನ್ನು. ಮುಖ ನೋಡದೆ ಬೈಸಿಕೊಳ್ಳುವ ಈ ವೃತ್ತಿಯಲ್ಲಿ ಕೆಲವು ವರ್ಷ ಕಳೆದಿರುವುದರಿಂದ, ದೂರು ಹೇಗಿರಬೇಕೆಂಬುದು ನನಗೆ ಬಾಯಿಪಾಠವಾಗಿದೆ: ಹೆಸರು, ವಿಳಾಸ, ತೊಂದರೆ ಎಂದಿನಿಂದ, ಈಗ ಏನಾಗಬೇಕು. ಇಷ್ಟು ದಿನ ಪರರ ದೂರುಗಳಿಗೆ ಕಿವಿಯಾಗಿದ್ದ ನಾನು ಸ್ವಂತದ್ದೊಂದನ್ನು ಸಲ್ಲಿಸುತ್ತಿರುವುದು ಇದೇ ಮೊದಲು. ಆ ಗೌರವ ತಮಗೆ ಸಲ್ಲುತ್ತಿದೆ.

ಮಗಳು ಹುಟ್ಟಿದ ಮೇಲೆ ರಜೆಯಲ್ಲಿದ್ದೆ. ಅವಳಿಗೆ ಮಾತು ಬಾರದು, ನನಗೆ ನಿದ್ದೆ ಬಾರದು. ನಮ್ಮಿಬ್ಬರ ನಡುವೆ ಇದ್ದದ್ದು ಅಳು ಮಾತ್ರ, ಅದೂ ಕೆಲವೊಮ್ಮೆ ಯಾರದ್ದೆಂದು ತಿಳಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕಾಲೇಜಿನ ಗೆಳತಿಯೊಬ್ಬಳು ತಮ್ಮ ಪಾಠಮಾಲೆಯ ಕೊಂಡಿಯನ್ನು ಕಳಿಸಿದಳು. ಕಪಾಟಿನ ತುಂಬ ದಪ್ಪ ಪುಸ್ತಕಗಳನ್ನು ಬೆನ್ನಿಗಿಟ್ಟುಕೊಂಡು ತಾವು ಅದೆಷ್ಟು ನೆಮ್ಮದಿಯಿಂದ ಕುಳಿತಿದ್ದಿರಿ! 'ಬಾಯನ್ನು ಬಿಡಿ, ಮೈಯನ್ನು ಓದಿ' ಎಂದು ತಾವು ಹೇಳಿದಾಗ, ಮಾತೇ ಬಾರದ ಮಗುವಿರುವ ಮನೆಗೆ ಇದಕ್ಕಿಂತ ದೊಡ್ಡ ವರವಿಲ್ಲ ಅನ್ನಿಸಿತು. ಪೂರ್ತಿ ಪಾಠಮಾಲೆಗೆ ಸೇರಿಕೊಂಡೆ. ನಿದ್ದೆಗೆಟ್ಟವರ ಕೈಯಲ್ಲಿ ಮೊಬೈಲ್ ಇದ್ದರೆ ಯಾವುದಕ್ಕೂ ಸೇರಿಕೊಳ್ಳುತ್ತಾರೆ ಎಂಬುದು ತಮಗೆ ತಿಳಿದ ವಿಷಯವೇ ಇರಬೇಕು.

ಮೊದಲು ಮಗಳನ್ನು ಓದಿದೆ. ಮುಷ್ಟಿ ಬಿಗಿದರೆ ಹಸಿವು, ಮುಖ ತಿರುಗಿಸಿದರೆ ಹೊಟ್ಟೆ ತುಂಬಿದೆ, ಬೆನ್ನು ಸೆಟೆದರೆ ಹೊಟ್ಟೆನೋವು, ಕಿವಿ ಎಳೆದುಕೊಂಡರೆ ನಿದ್ದೆ ಎಂದು ತಾವು ಎಷ್ಟು ಬಿಡಿಸಿ ಹೇಳಿದ್ದೀರಿ! ನಮ್ಮ ಪುಟ್ಟಿ ಮಾತ್ರ ಮುಷ್ಟಿ ಬಿಗಿದು, ಮುಖ ತಿರುಗಿಸಿ, ಬೆನ್ನು ಸೆಟೆಸಿ, ಕಿವಿ ಎಳೆದುಕೊಂಡು, ಆಮೇಲೆ ಫ್ಯಾನ್ ನೋಡಿ ನಕ್ಕಳು. ಹಸಿದೂ ಹೊಟ್ಟೆ ತುಂಬಿದ, ನಿದ್ದೆ ಬಂದೂ ಎಚ್ಚರವಾಗಿರುವ ಈ ಸ್ಥಿತಿಗೆ ತಮ್ಮ ಪಾಠದಲ್ಲಿ ಹೆಸರಿಲ್ಲ. ನಮ್ಮ ಮನೆಯಲ್ಲಿ ಅದನ್ನು ಸಂಜೆ ಎನ್ನುತ್ತೇವೆ.

ಆಮೇಲೆ ಗಂಡನನ್ನು ಓದಿದೆ. ಮಾತಾಡುತ್ತಾ ಮೂಗು ಮುಟ್ಟಿಕೊಳ್ಳುವವನು ಸುಳ್ಳು ಹೇಳುತ್ತಿದ್ದಾನೆ ಎಂದಿದ್ದಿರಿ. ನನ್ನವರು ಕಟ್ಟಡಗಳ ನಕ್ಷೆ ಬರೆಯುವವರು. ಸುಳ್ಳು ಹೇಳುವುದಿರಲಿ, ಅಂದಾಜು ಹೇಳುವುದಕ್ಕೂ ಹೆದರುವ ಮನುಷ್ಯ. ಅಂಥವರು 'ನೀನೇನೂ ದಪ್ಪ ಆಗಿಲ್ಲ' ಎಂದು ಮೂಗುಜ್ಜಿಕೊಂಡರು. 'ಸಾರು ಚೆನ್ನಾಗಿದೆ' ಎಂದು ಉಜ್ಜಿಕೊಂಡರು. 'ಇವತ್ತು ಸೈಟಿನಲ್ಲಿ ತುಂಬಾ ಧೂಳು' ಎನ್ನುವಾಗ ಎರಡು ಕೈಯಲ್ಲೂ ಉಜ್ಜಿಕೊಂಡರು. ಒಂದು ವಾರ ಅವರನ್ನು ಕಳ್ಳನನ್ನು ನೋಡುವಂತೆ ನೋಡಿದೆ. ಕೊನೆಗೆ ಡಾಕ್ಟರು ಅದು ಧೂಳಿನ ಅಲರ್ಜಿ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಹೇಳುವಾಗ ಡಾಕ್ಟರೂ ಮೂಗು ಮುಟ್ಟಿಕೊಂಡರು, ಇರಲಿ.

ಇಷ್ಟೇ ಆಗಿದ್ದರೆ ಈ ಪತ್ರವನ್ನು ಮೆಚ್ಚುಗೆಯ ಪತ್ರವಾಗಿ ಬರೆದು ಮುಗಿಸುತ್ತಿದ್ದೆ. ನಡೆದದ್ದು ಅತ್ತೆಯವರ ವಿಷಯದಲ್ಲಿ.

ನನ್ನ ರಜೆ ಮುಗಿಯುವುದರಲ್ಲಿತ್ತು. ಸೋಮವಾರ ನಾನು ಕೆಲಸಕ್ಕೆ ಹೋಗದಿದ್ದರೆ ನನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ಹೋಗಬೇಕಾದರೆ ಮಗುವನ್ನು ಯಾರಾದರೂ ನೋಡಿಕೊಳ್ಳಬೇಕು. ಆ ಯಾರಾದರೂ ಮನೆಯಲ್ಲೇ ಇದ್ದರು. ಹೆರಿಗೆಗೆಂದು ಬಂದ ಅತ್ತೆ ಇನ್ನೂ ನಮ್ಮ ಜೊತೆಯಲ್ಲೇ ಇದ್ದರು. 'ನೀವೇ ನೋಡ್ಕೊಳ್ತೀರಾ ಅತ್ತೆ?' ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಕೇಳಲಿಲ್ಲ. ಕೇಳಿ ಅವರು ಇಲ್ಲವೆಂದರೆ ನನ್ನ ಮುಖ ಸಣ್ಣದಾಗುತ್ತಿತ್ತು, ಒಲ್ಲದ ಮನಸ್ಸಿನಿಂದ ಹೂಂ ಎಂದರೆ ಅವರದ್ದು. ಜೊತೆಗೆ ತಾವು ಬೇರೆ, 'ಕೇಳಿದರೆ ಸಿಗುವುದು ಉತ್ತರ, ಓದಿದರೆ ಸಿಗುವುದು ಸತ್ಯ' ಎಂದು ಬೆರಳೆತ್ತಿ ಹೇಳಿಬಿಟ್ಟಿದ್ದಿರಿ. ಹಾಗಾಗಿ 'ರಜೆ ಮುಗೀತಾ ಬಂತಲ್ಲ' ಎಂದು ಗಾಳಿಗೆ ಹೇಳಿದಂತೆ ಹೇಳಿ ಅತ್ತೆಯನ್ನು ಓದತೊಡಗಿದೆ. ಅವರು 'ಹೂಂ, ಬಂತು' ಎಂದಷ್ಟೇ ಹೇಳುತ್ತಿದ್ದರು. ಬಾಯನ್ನು ಬಿಟ್ಟೆ, ಮೈಯನ್ನು ಹಿಡಿದುಕೊಂಡೆ.

ಆ ಮೈಯೋ, ತಮ್ಮ ಪಾಠವನ್ನು ನನಗಿಂತ ಮೊದಲೇ ನೋಡಿ ಬಂದಂತಿತ್ತು. ಎದೆಗೆ ಅಡ್ಡವಾಗಿ ಕೈ; ಬಲಗೈ ಎಡಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಿತ್ತು. ತಮ್ಮ ಪ್ರಕಾರ ಇದು 'ಮುಚ್ಚಿದ ಬಾಗಿಲು'. ಮಗುವಿನ ಮಾತೆತ್ತಿದರೆ ತುಟಿ ಬಿಗಿಯುತ್ತಿದ್ದರು; 'ನುಂಗಿದ ನಿರಾಕರಣೆ'. ನನ್ನ ಕಣ್ಣನ್ನು ತಪ್ಪಿಸುತ್ತಿದ್ದರು. ಮಗುವನ್ನು ಕೊಡಲು ಹೋದರೆ ಮೊದಲು ಸ್ವಲ್ಪ ಹಿಂದಕ್ಕೆ ಸರಿದು ಆಮೇಲೆ ತೆಗೆದುಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಅವರ ಪಾದಗಳು! ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಅತ್ತೆ ಅಡ್ಡಡ್ಡ ಕೂರುತ್ತಿದ್ದರು, ಎರಡೂ ಪಾದಗಳು ನೆಟ್ಟಗೆ ಬಾಗಿಲ ಕಡೆಗೆ. ಪಾದ ಎತ್ತ ತಿರುಗಿದೆಯೋ ಮನಸ್ಸು ಅತ್ತಲೇ ಹೊರಟಿದೆ ಎಂದು ತಾವು ಕಪಾಟಿನ ಪುಸ್ತಕಗಳ ಸಾಕ್ಷಿಯಾಗಿ ಹೇಳಿದ್ದಿರಿ. ಒಂದು ಸಂಕೇತವನ್ನು ನಂಬಬೇಡಿ, ಗುಂಪನ್ನು ನಂಬಿ ಎಂದೂ ಎಚ್ಚರಿಸಿದ್ದಿರಿ. ಇಲ್ಲಿ ಗುಂಪೇನು, ಮೆರವಣಿಗೆಯೇ ಇತ್ತು. ಅತ್ತೆಗೆ ಮಗುವನ್ನು ನೋಡಿಕೊಳ್ಳಲು ಮನಸ್ಸಿಲ್ಲ, ಮನೆ ಬಿಟ್ಟು ಹೊರಡಲು ಕಾದಿದ್ದಾರೆ ಎಂದು ತೀರ್ಮಾನಿಸಿದೆ. ಇವರಿಗೆ ನಾನು ಏನು ಕಡಿಮೆ ಮಾಡಿದೆ ಎಂದು ಬಟ್ಟೆ ಮಡಚುತ್ತಾ ಅತ್ತೂ ಬಿಟ್ಟೆ.

ಆದರೆ ತಾವು ಶಿಷ್ಯರ ಕೈಬಿಡುವವರಲ್ಲ. ಮುಂದಿನ ಪಾಠದಲ್ಲೇ ಪರಿಹಾರವಿತ್ತು: ಎದುರಿನವರ ಭಂಗಿಯನ್ನು ಕನ್ನಡಿಯಂತೆ ಅನುಸರಿಸಿ, ಅವರ ಮನಸ್ಸು ತಾನಾಗಿ ನಿಮ್ಮ ಕಡೆ ವಾಲುತ್ತದೆ. ಕನ್ನಡಿಯಾದೆ. ಅತ್ತೆ ಎಡಮೊಣಕೈ ಹಿಡಿದುಕೊಂಡರೆ ನಾನೂ ಹಿಡಿದುಕೊಂಡೆ. ಅವರು ತುಟಿ ಬಿಗಿದರೆ ನಾನೂ ಬಿಗಿದೆ. ಅವರು ಅಡ್ಡಡ್ಡ ಕೂತರೆ ನಾನೂ ಕುರ್ಚಿ ತಂದು ಎದುರಿಗೆ ಅಡ್ಡಡ್ಡ ಕೂತೆ. ನಿದ್ದೆ ಮಾಡಿದವಳಾಗಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿತ್ತೋ ಏನೋ, ನಿಲ್ಲಿಸಲಿಲ್ಲ. ಎದುರುಮನೆಯ ಸಂಗೀತದ ಟೀಚರು ಮಗುವನ್ನು ನೋಡಿ ಹೋಗಲು ಬಂದಿದ್ದ ಸಂಜೆ, ಅತ್ತೆ ಒಂದೇ ಕೈಯನ್ನು ಊರಿ, ಒಂದು ಪಕ್ಕಕ್ಕೆ ವಾಲಿ, 'ಉಸ್ಸಪ್ಪಾ' ಎಂದು ಕುರ್ಚಿಯಿಂದ ಎದ್ದರು. ನಾನೂ ಒಂದೇ ಕೈಯನ್ನು ಊರಿ, ಅದೇ ಪಕ್ಕಕ್ಕೆ ವಾಲಿ, 'ಉಸ್ಸಪ್ಪಾ' ಎಂದು ಎದ್ದೆ. ಟೀಚರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅತ್ತೆಯ ಕಿವಿಗಳು ಕೆಂಪಾದವು. ಕಿವಿ ಕೆಂಪಾಗುವುದು ಭಾವನೆ ಉಕ್ಕಿ ಬರುವುದರ ಗುರುತು ಎಂದಿದ್ದಿರಿ. ಪರವಾಗಿಲ್ಲ, ಹತ್ತಿರವಾಗುತ್ತಿದ್ದೇವೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅತ್ತೆ ಚೀಲ ಹಿಡಿದುಕೊಂಡು ಮಗಳ ಮನೆಗೆ, ಅಂದರೆ ನನ್ನ ನಾದಿನಿಯ ಮನೆಗೆ, ಹೊರಟುಹೋದರು. ನನಗೆ ಹೇಳಿದ್ದು 'ಬರ್ತೀನಮ್ಮ' ಎಂಬ ಒಂದೇ ಮಾತು. ಏನಾಯಿತೆಂದು ನನ್ನವರನ್ನು ಕೇಳಿದೆ. ಏನೂ ಇಲ್ಲ, ಅಮ್ಮನಿಗೆ ಮಗಳನ್ನು ನೋಡಬೇಕು ಅನ್ನಿಸಿತಂತೆ ಎಂದು ಹೇಳಿ ಮೂಗನ್ನು ಚೆನ್ನಾಗಿ ಉಜ್ಜಿಕೊಂಡರು. ನಾನು ಅಲರ್ಜಿಯ ಮಾತ್ರೆ ಕೊಟ್ಟೆ. ಇಡೀ ಪಾಠಮಾಲೆಯಲ್ಲಿ ತಮ್ಮ ಒಂದು ಸಂಕೇತವಾದರೂ ಸರಿಯಾಗಿ ಕೆಲಸ ಮಾಡಿದ್ದು ಆ ಗಳಿಗೆಯಲ್ಲಿ. ಅದನ್ನು ನಾನು ನೀರಿನೊಂದಿಗೆ ನುಂಗಿಸಿಬಿಟ್ಟೆ. ತಮಗಾದ ಈ ಅನ್ಯಾಯಕ್ಕೆ ಕ್ಷಮೆ ಇರಲಿ.

ಇನ್ನು ಉಳಿದದ್ದು ಕಚೇರಿ. ರಜೆಯನ್ನು ಇನ್ನಷ್ಟು ದಿನ ಮುಂದುವರಿಸಿ ಎಂದು ಕೇಳಲು, ಮಗುವನ್ನು ನನ್ನವರ ಕೈಗೆ ಕೊಟ್ಟು ಮ್ಯಾನೇಜರ ಬಳಿ ಹೋದೆ. ಹೋಗುವ ಮುಂಚೆ, ತಾವು ಕಲಿಸಿದ 'ವಿಜಯಭಂಗಿ'ಯಲ್ಲಿ ಕಚೇರಿಯ ಬಾತ್‌ರೂಮಿನಲ್ಲಿ ನಿಂತೆ: ಕಾಲು ಅಗಲ, ಕೈ ಸೊಂಟದ ಮೇಲೆ, ಎದೆ ಮುಂದೆ. ಮಗುವಿಗೆ ಹಾಲೂಡಿಸುವ ಹೊತ್ತು ಮೀರಿರುವ ತಾಯಿ ಎದೆಯನ್ನು ಹಾಗೆ ಮುಂದೊಡ್ಡಿ ನಿಂತರೆ ಏನಾಗುತ್ತದೆಂಬುದನ್ನು ತಾವು ಪಾಠದಲ್ಲಿ ಸೇರಿಸಿರಲಿಲ್ಲ. ಅಂಗಿಯ ಮೇಲೆ ಎರಡು ಒದ್ದೆ ಕಲೆಗಳೊಂದಿಗೆ, ಅವನ್ನು ಮುಚ್ಚಲು ಕೈಗಳನ್ನು ಎದೆಗೆ ಅಡ್ಡ ಕಟ್ಟಿ, ಅಂದರೆ 'ಮುಚ್ಚಿದ ಬಾಗಿಲಾ'ಗಿ, ಮ್ಯಾನೇಜರ ಮುಂದೆ ನಿಂತೆ. ಚಳಿಯಾಗುತ್ತಿದೆಯೇ ಎಂದು ವಿಚಾರಿಸಿ ಅವರು ಫ್ಯಾನ್ ಆರಿಸಿದರು. ನಾನು ಮಾತಾಡುವಾಗ ಮುಂದಕ್ಕೆ ಬಾಗಿ, ತಲೆ ವಾಲಿಸಿ, ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡರು. ಆಸಕ್ತಿ, ಕನಿಕರ, ಒಪ್ಪಿಗೆ, ಮೂರೂ ಸಂಕೇತಗಳು! ಎಷ್ಟೋ ವರ್ಷ ಹೆಡ್‌ಫೋನ್ ಹಾಕಿಕೊಂಡು ಅವರ ಒಂದು ಕಿವಿ ಮಂದವಾಗಿದೆ ಎಂಬುದು ಇಡೀ ಕಚೇರಿಗೆ ಗೊತ್ತು, ನನಗೂ ಗೊತ್ತು. ತಮ್ಮ ಪಾಠದ ಭರದಲ್ಲಿ ಗೊತ್ತಿದ್ದದ್ದೂ ಮರೆತಿತ್ತು. ಎಲ್ಲವನ್ನೂ ಕೇಳಿ, ರಜೆ ಆಗುವುದಿಲ್ಲಮ್ಮ ಎಂದರು. ಅಂಗೈಗಳನ್ನು ಪೂರ್ತಿ ತೆರೆದಿಟ್ಟುಕೊಂಡೇ ಅಂದರು, ಅಂದರೆ ನಿಜವನ್ನೇ ಅಂದರು.

ಆ ಮಧ್ಯಾಹ್ನ ರಾಜೀನಾಮೆಗೆ ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಾ ಮಗುವನ್ನು ತಟ್ಟುತ್ತಿದ್ದಾಗ ಅತ್ತೆಯ ಫೋನ್ ಬಂತು. ಮಗುವಿನ ಕೆಂಪು ಟೋಪಿ ಕಪಾಟಿನ ಮೇಲಿನ ಖಾನೆಯಲ್ಲಿದೆ, ಗಾಳಿಗೆ ಹೊರಗೆ ಕರೆದುಕೊಂಡು ಹೋದರೆ ಹಾಕು ಎಂದು ಹೇಳಲು. ಹೇಳಿದರು. ಮತ್ತೆ, ಆ ಟೋಪಿಯ ದಾರ ಸ್ವಲ್ಪ ಸಡಿಲವಾಗಿದೆ ಎಂದರು. ಮತ್ತೆ, ನೀಲಿ ಟೋಪಿಯೂ ಇದೆ, ಆದರೆ ಅದು ಕಿವಿ ಮುಚ್ಚುವುದಿಲ್ಲ ಎಂದರು.

ಮಾನ್ಯರೇ, ಇಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೀದಿದೀಪ ಉರಿಯುತ್ತಿಲ್ಲ ಎಂದು ಫೋನ್ ಮಾಡಿ, ದೂರು ಬರೆದುಕೊಂಡ ಮೇಲೂ ದೀಪದ ಕಂಬದ ಬಗ್ಗೆ, ಕಂಬದ ಬಣ್ಣದ ಬಗ್ಗೆ ಹೇಳುತ್ತಾ ಹೋಗುವವರು ದೀಪಕ್ಕಾಗಿ ಫೋನ್ ಮಾಡಿರುವುದಿಲ್ಲ. ಅಂಥವರಿಗೆ ನಾವು ಒಂದೇ ಪ್ರಶ್ನೆ ಕೇಳುವುದು ಪದ್ಧತಿ. ಕೇಳಿದ ಮೇಲೆ ತುಟಿ ಹೊಲಿದುಕೊಂಡಂತೆ ಸುಮ್ಮನಿರಬೇಕು, ಎಷ್ಟು ಹೊತ್ತಾದರೂ. ಕೈ, ಕಾಲು, ಪಾದ, ಕಿವಿ ಯಾವುದೂ ಕಾಣದ ಆ ಫೋನಿನಲ್ಲಿ ನನಗೆ ಅತ್ತೆಯ ದನಿ ಮಾತ್ರ ಕೇಳುತ್ತಿತ್ತು, ಆ ದನಿ ಕಂಬದ ಬಣ್ಣಕ್ಕೆ ಬಂದು ನಿಂತಿತ್ತು. ತಿಂಗಳುಗಳ ಮೇಲೆ ಮೊದಲ ಬಾರಿಗೆ ನನಗೆ ಏನು ಮಾಡಬೇಕೆಂದು ಗೊತ್ತಿತ್ತು.

'ಇನ್ನೇನಾದ್ರೂ ಇದ್ಯಾ ಅತ್ತೆ?' ಎಂದು ಕೇಳಿ ಸುಮ್ಮನಾದೆ.

ನಾದಿನಿಯ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.

'ನನ್ನ ಎಡಭುಜ ಹಿಡ್ಕೊಂಡ್ಬಿಟ್ಟಿದೆ ಕಣಮ್ಮ' ಎಂದರು ಅತ್ತೆ. 'ಕೈ ಮೇಲಕ್ಕೆ ಏಳಲ್ಲ. ಹೇಳಿದ್ರೆ ಮಗೂನ ನನ್ನ ಕೈಗೆ ಕೊಡಲ್ಲ ನೀವು, ಊರಿಗೆ ಕಳಿಸ್ಬಿಡ್ತೀರ ಅಂತ ಮುಚ್ಚಿಟ್ಕೊಂಡಿದ್ದೆ. ನೀನು ಕಂಡುಹಿಡಿದ್ಬಿಟ್ಟಿದ್ದೆ. ಕಂಡುಹಿಡಿದವಳು ಬಾಯಿ ಬಿಟ್ಟು ಹೇಳೋದು ಬಿಟ್ಟು, ಟೀಚರ ಮುಂದೆ ಹಾಗೆ ಆಡ್ಕೋಬೇಕಿತ್ತಾ?'

ಗುರುಗಳೇ, ತಮ್ಮ ಅನುಮತಿಯಿಂದ ಈಗ ಆ ಮೆರವಣಿಗೆಯನ್ನು ಮತ್ತೊಮ್ಮೆ ಓದೋಣ. ಎದೆಗಡ್ಡ ಕೈ ಮುಚ್ಚಿದ ಬಾಗಿಲಾಗಿರಲಿಲ್ಲ. ನೋಯುವ ಭುಜಕ್ಕೆ ಕೊಟ್ಟ ಆಸರೆಯಾಗಿತ್ತು. ತುಟಿ ಬಿಗಿಯುತ್ತಿದ್ದದ್ದು ನಿರಾಕರಣೆಯನ್ನಲ್ಲ, ನೋವನ್ನು ನುಂಗಲು. ಹಿಂದಕ್ಕೆ ಸರಿಯುತ್ತಿದ್ದದ್ದು ಮಗುವಿನ ತೂಕವನ್ನು ಬಲಗೈಗೆ ಹೊಂದಿಸಿಕೊಳ್ಳಲು. ಇನ್ನು ಆ ಪಾದಗಳು: ಬಲಗೈ ಸಲೀಸಾಗಿ ತೊಟ್ಟಿಲನ್ನು ಮುಟ್ಟಬೇಕಾದರೆ ಆ ಕುರ್ಚಿಯಲ್ಲಿ ಅಡ್ಡಡ್ಡವೇ ಕೂರಬೇಕು, ಹಾಗೆ ಕೂತರೆ ಪಾದಗಳು ಬಾಗಿಲ ಕಡೆಗೇ ಬರುತ್ತವೆ, ಏಕೆಂದರೆ ನಮ್ಮ ಮನೆಯಲ್ಲಿ ಬಾಗಿಲು ಇರುವುದು ಅಲ್ಲಿ. ಮನೆಯ ಎಲ್ಲರಿಗಿಂತ ಹೆಚ್ಚಾಗಿ ತೊಟ್ಟಿಲ ಬಳಿ ಉಳಿಯಲು ಹಟ ಹಿಡಿದಿದ್ದ ಒಬ್ಬರನ್ನು, ಹೊರಡಲು ಕಾದಿದ್ದಾರೆಂದು ನಾನು ಓದಿದ್ದೆ. ಪ್ರತಿಯೊಂದು ಸಂಕೇತವನ್ನೂ ತಮ್ಮ ಪಾಠದ ಪ್ರಕಾರ ತಪ್ಪಿಲ್ಲದೆ ಓದಿದ್ದೆ ಎಂಬುದೇ ನನಗೆ ಉಳಿದಿರುವ ಸಮಾಧಾನ.

ಆಡಿಕೊಂಡದ್ದಲ್ಲ ಅತ್ತೆ, ಕನ್ನಡಿ, ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅಳುತ್ತಾ ಹೇಳಿದ್ದರಿಂದ ಅರ್ಧ ಅವರಿಗೆ ತಿಳಿಯಲಿಲ್ಲ. ತಿಳಿದ ಅರ್ಧಕ್ಕೆ, 'ಯಾರೋ ಮೊಬೈಲಲ್ಲಿ ಹೇಳಿದ್ರು ಅಂತ ಉಸ್ಸಪ್ಪಾ ಅಂದ್ಯಾ?' ಎಂದು ಕೇಳಿ, ಆಮೇಲೆ ಅವರ ಕಡೆಯಿಂದ ಒಂದು ಸದ್ದು ಬಂತು. ನನ್ನ ಇಷ್ಟು ವರ್ಷದ ಅನುಭವದಲ್ಲಿ ದೂರು ಹೇಳಿದವರು ಆ ಸದ್ದು ಮಾಡಿದ್ದನ್ನು ಕೇಳಿಯೇ ಇರಲಿಲ್ಲವಾದ್ದರಿಂದ, ಅದು ನಗು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಭಾನುವಾರ ನನ್ನವರು ಹೋಗಿ ಅತ್ತೆಯನ್ನು ಕರೆದುಕೊಂಡು ಬಂದರು. ಬರುವ ದಾರಿಯಲ್ಲಿ ಡಾಕ್ಟರಿಗೆ ತೋರಿಸಿಕೊಂಡೇ ಬಂದರು. ಭುಜ ಸಡಿಲಾಗಲು ತಿಂಗಳುಗಳು ಬೇಕಂತೆ, ಅಲ್ಲಿಯವರೆಗೆ ಭಾರ ಎತ್ತಬಾರದಂತೆ. ನಮ್ಮ ಮಗಳು ಭಾರವೇ. ಹಾಗಾಗಿ ನನ್ನವರು ಟೇಪು ಹಿಡಿದು, ಜೀವಮಾನದಲ್ಲಿ ಮೊದಲ ಬಾರಿಗೆ ಸ್ವಂತ ಮನೆಗೊಂದು ನಕ್ಷೆ ಬರೆದು, ತೊಟ್ಟಿಲನ್ನು ಹೊರಗಿಟ್ಟು ನೆಲದ ಮೇಲೆ ದಪ್ಪ ಹಾಸಿಗೆ ಹಾಸಿದರು. ಅತ್ತೆ ಮಗುವನ್ನು ಎತ್ತಬೇಕಿಲ್ಲ, ಅದರ ಪಕ್ಕ ಕೂತರೆ ಸಾಕು. ಎತ್ತಲೇಬೇಕಾದ ಹೊತ್ತಿಗೆ ಬಾಗಿಲು ತಟ್ಟಿ ಕರೆಯಿರಿ ಎಂದು ಎದುರುಮನೆಯ ಟೀಚರು ತಾವಾಗಿ ಬಂದು ಹೇಳಿದರು. ಅವರಿಗೆ ಆ ಸಂಜೆಯ ಕೆಮ್ಮು ಇನ್ನೂ ಪೂರ್ತಿ ವಾಸಿಯಾಗಿಲ್ಲ. ಈ ಏರ್ಪಾಡು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ.

ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ನಿಂತವಳಿಗೆ ಹೊರಡಲಾಗಲಿಲ್ಲ. ಅತ್ತೆಯ ಮುಖವನ್ನು ಓದಬೇಕೆಂದು ಕಣ್ಣು ಹೋಯಿತು. ಬಲವಂತವಾಗಿ ಕಣ್ಣನ್ನು ಕೆಳಗಿಳಿಸಿ ಬಾಯಿ ತೆರೆದೆ. 'ನಿಮಗೆ ಕಷ್ಟ ಆಗಲ್ವಾ ಅತ್ತೆ?' ಎಂದು ಕೇಳಿದೆ.

'ಆಗತ್ತೆ' ಎಂದರು ಅತ್ತೆ. 'ಹೋಗ್ಬಾ.'

ಈಗ ಏನಾಗಬೇಕು ಎಂಬ ಭಾಗಕ್ಕೆ ಬಂದಿದ್ದೇನೆ. ತಮ್ಮ ವಿದ್ವತ್ತಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಇಡೀ ಮನುಕುಲದ ಮೈಯನ್ನು ಓದಬಲ್ಲ ತಮಗೆ ನಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬ ಒಂದು ಸಣ್ಣ ವಿವರ ಮಾತ್ರ ತಿಳಿದಿರಲಿಲ್ಲ, ಅಷ್ಟೇ. ಆದ್ದರಿಂದ ದಯಮಾಡಿ ತಮ್ಮ ಎಲ್ಲ ವಿದ್ಯಾರ್ಥಿಗಳ ಮನೆಗಳಿಗೂ ಖುದ್ದಾಗಿ ಭೇಟಿ ಕೊಟ್ಟು, ಬಾಗಿಲುಗಳು ಎಲ್ಲಿವೆ ಎಂದು ನೋಡಿಕೊಂಡು, ಅದಕ್ಕೆ ತಕ್ಕಂತೆ ಪಾದಗಳ ಪಾಠವನ್ನು ಮನೆಗೊಂದರಂತೆ ತಿದ್ದಿ ಮರುಚಿತ್ರೀಕರಿಸಬೇಕಾಗಿ ವಿನಂತಿ. ಅದು ಕಷ್ಟವಾದರೆ, ಬಾಗಿಲುಗಳನ್ನೇ ಸರಿಸಲು ತಾವು ಏರ್ಪಾಡು ಮಾಡಬಹುದು, ನಕ್ಷೆಗೆ ನನ್ನವರಿದ್ದಾರೆ. ಎಳೆಮಕ್ಕಳು ಒಂದು ಸಲಕ್ಕೆ ಒಂದೇ ಸಂಕೇತವನ್ನು, ಪಾಠದ ಅನುಕ್ರಮದಲ್ಲಿ ಪ್ರದರ್ಶಿಸತಕ್ಕದ್ದು ಎಂದು ತಾವು ಒಂದು ಮಾತು ಹೇಳಿದರೆ ನಮ್ಮ ಪುಟ್ಟಿ ಕೇಳುತ್ತಾಳೆಯೇ ಎಂದು ಪರೀಕ್ಷಿಸಲು ಯಾವ ಸಂಜೆಯಾದರೂ ಬರಬಹುದು, ರಾತ್ರಿ ಇರುವಂತೆ ಬಂದರೆ ಮತ್ತೂ ಒಳ್ಳೆಯದು. ಕೊನೆಯದಾಗಿ, ಪಾಠಮಾಲೆಯ ಆರಂಭಕ್ಕೂ ಮುಂಚೆ ಒಂದು ಸಣ್ಣ ಪಾಠ ಸೇರಿಸಲು ಸಾಧ್ಯವೇ? ಅದರಲ್ಲಿ ತಾವು ಏನನ್ನೂ ಹೇಳಬೇಕಿಲ್ಲ. ಮನೆಯಲ್ಲಿರುವವರನ್ನು ಒಮ್ಮೆ ಕೇಳಿ ಬನ್ನಿ ಎಂದು ಸೂಚಿಸಿ, ಅವರು ಕೇಳಿಕೊಂಡು ಬರುವವರೆಗೆ ಸುಮ್ಮನೆ ಕುಳಿತಿದ್ದರೆ ಸಾಕು. ಮುಂದಿನ ಪಾಠಗಳಿಗೆ ಯಾರೂ ಮರಳಿ ಬಾರದೆ ಹೋದರೆ ಅದನ್ನು ತಮ್ಮ ಬೋಧನೆಯ ಪೂರ್ಣ ಯಶಸ್ಸೆಂದೇ ತಿಳಿಯಬೇಕು.

ಮಗಳು ಮುಷ್ಟಿ ಬಿಗಿದು, ಬೆನ್ನು ಸೆಟೆಸಿ, ಕಿವಿ ಎಳೆದುಕೊಳ್ಳುತ್ತಿರುವುದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಅವಳಿಗೆ ಏನು ಬೇಕೆಂದು ನನಗೆ ಗೊತ್ತಿಲ್ಲ, ಎತ್ತಿಕೊಂಡು ನೋಡುತ್ತೇನೆ.

ಎರಡೂ ಪಾದಗಳನ್ನು ತಮ್ಮ ದಿಕ್ಕಿಗೇ ತಿರುಗಿಸಿ ಕುಳಿತಿರುವ,
ತಮ್ಮ ವಿಶ್ವಾಸಿ,
ದೂರು ವಿಭಾಗದವಳು

ಮರೆತ ಮಾತು: ನಿನ್ನೆ ಅತ್ತೆ ತಮ್ಮನ್ನು ನೋಡಲೇಬೇಕೆಂದು ಹಟ ಮಾಡಿದ್ದರಿಂದ ಒಂದು ಪಾಠವನ್ನು ಹಾಕಿ ತೋರಿಸಿದೆ. ಕೊನೆಯವರೆಗೂ ನೋಡಿದರು. ತಾವು ಪಾಠದುದ್ದಕ್ಕೂ ಎಡಗೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡಿದ್ದನ್ನು ಗಮನಿಸಿ, ಪಾಪ, ಈ ಮನುಷ್ಯನಿಗೂ ಭುಜ ಹಿಡಿದುಕೊಂಡಿದೆ, ಬಿಸಿನೀರಿನ ಶಾಖ ಕೊಡುವುದಕ್ಕೆ ಹೇಳು ಎಂದು ಅವರು ಕನಿಕರದಿಂದ ಸೂಚಿಸಿದ್ದಾರೆ. ಭುಜ ಚೆನ್ನಾಗಿಯೇ ಇದ್ದು, ಮೇಜಿನ ಕೆಳಗೆ ಅಡಗಿರುವ ಕೈಗೆ 'ಏನನ್ನೋ ಬಚ್ಚಿಡುತ್ತಿದ್ದಾರೆ' ಎಂದು ತಾವೇ ಕಲಿಸಿದ ಅರ್ಥವೇ ಅನ್ವಯಿಸುವುದಾದರೆ ದಯವಿಟ್ಟು ತಿಳಿಸಿ. ಅತ್ತೆಗೆ ನಾನು ಶಾಖದ ವಿಷಯವನ್ನೇ ಮುಂದುವರಿಸಿ ಹೇಳುತ್ತೇನೆ, ಅವರು ಬೇಸರ ಮಾಡಿಕೊಳ್ಳುವುದು ಬೇಡ.